ವೈನ್ ಶಾಪ್ ಹರಾಜಿಗೆ ಬಂದರೆ ನಮ್ಮ ಕಾಲನಿಗೆ ಎಂತ ಸಿಗ್ತದೆ?

ಮೊನ್ನೆ ನಮ್ಮ ಕಡೆಯ ಸಣ್ಣ ವೈನ್ ಶಾಪಿನವರೊಬ್ಬರು ಸಿಕ್ಕಿದರು. "ನೀವು ಸಂಘಟನೆಯವರು, ನಮ್ಮ ಬಗ್ಗೆಯೂ ನಾಲ್ಕು ಮಾತು ಬರೀರಿ ಮಾರಾಯ್ರೆ. ಸರ್ಕಾರ ಲೈಸೆನ್ಸ್ ಹರಾಜು ಹಾಕಿದ್ರೆ ದುಡ್ಡಿದ್ದವ ಪಕ್ಕದಲ್ಲೇ ಬಂದು ಅಂಗಡಿ ಇಡ್ತಾನೆ, ನಾವು ಬಾಗಿಲು ಹಾಕ್ಬೇಕಷ್ಟೆ" ಅಂದರು.

ಅವರ ಮಾತು ಸುಳ್ಳಲ್ಲ. ಮಾಲು ಬೇಕಾದರೆ ಪಾನೀಯ ನಿಗಮಕ್ಕೆ ಮೊದಲೇ ಹಣ ಕಟ್ಟಬೇಕು, ವರ್ಷವರ್ಷ ಲೈಸೆನ್ಸ್ ಫೀಸು ಬೇರೆ. ಸಣ್ಣ ಅಂಗಡಿಗೆ ಅದು ಭಾರವೇ. ಆದ್ರೆ ಮದ್ಯದ ಕಾನೂನು ಬದಲಾದಾಗೆಲ್ಲ ಪೆಟ್ಟು ತಿಂದವರ ಸಾಲಿನಲ್ಲಿ ನಮ್ಮವರೂ ಇದ್ದಾರೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

2007ರ ಜುಲೈ 1ರಂದು ಸಾರಾಯಿ ನಿಷೇಧ ಆಯಿತು. ಗಡಂಗು ಮುಚ್ಚಿತು, ತೊಟ್ಟೆ ಸಾರಾಯಿ ನಿಂತಿತು ಅಂತ ನನ್ನ ಅಮ್ಮ ಅವತ್ತು ಖುಷಿಪಟ್ಟಿದ್ದಳು. ಆದರೆ ಅಪ್ಪನ ಕುಡಿತ ನಿಲ್ಲಲಿಲ್ಲ. ರಬ್ಬರ್ ತೋಟದ ಕೂಲಿ ಗಡಂಗಿನ ಬದಲು ವೈನ್ ಶಾಪಿಗೆ ಹೋಯಿತು, ಮೊದಲಿಗಿಂತ ಹೆಚ್ಚೇ ಹೋಯಿತು.

2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು. ಮುಂದಿನ ಮಾರ್ಚಿನಲ್ಲಿ ಸಣ್ಣ ಊರುಗಳಿಗೆ 220 ಮೀಟರ್ ಸಾಕು ಅಂದಿತು. ಸ್ವಂತ ಜಾಗ ಇದ್ದವರು ಅಂಗಡಿ ಎತ್ತಿ ಬೇರೆ ಕಡೆ ಇಟ್ಟರು, ಬಾಡಿಗೆಯವರು ಒದ್ದಾಡಿದರು. ಆದರೆ ಹೆದ್ದಾರಿ ಬಿಟ್ಟ ಅಂಗಡಿ ಎಲ್ಲಿಗೆ ಹೋಗಬೇಕು? ಒಳರಸ್ತೆಗೆ. ಒಳರಸ್ತೆಯಲ್ಲಿ ಇರುವವರು ಯಾರು? ನಾವು.

1967ರ ಅಬಕಾರಿ ನಿಯಮಗಳ 5ನೇ ನಿಯಮ ಓದಿ. ಶಾಲೆ, ದೇವಸ್ಥಾನ, ಆಸ್ಪತ್ರೆಯ 100 ಮೀಟರ್ ಒಳಗೆ ಮದ್ಯದಂಗಡಿ ಆಗಬಾರದು, ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಿರುವ ವಸತಿಯಲ್ಲೂ ಆಗಬಾರದು ಅಂತ ಉಂಟು. ಅಂಗಡಿ ಬರುವುದಿಲ್ಲ ಸರಿ, ಬಾಟ್ಲಿ ಚೀಲದಲ್ಲಿ ಬರ್ತದೆ. ನಾಲ್ಕು ಕ್ವಾರ್ಟರ್ ತಂದಿಟ್ಟು ಮಾರುವ ಕಾಲನಿ ಹುಡುಗನ ಮೇಲೆ ಕೇಸು ಬೀಳ್ತದೆ. ಅವನಿಗೆ ಕೊಟ್ಟ ಕೌಂಟರನ್ನು ಯಾರು ಕೇಳ್ತಾರೆ?

ದರದ ಕಥೆಯೂ ಅಷ್ಟೆ. 2023ರ ಬಜೆಟ್‌ನಲ್ಲಿ 18 ಸ್ಲ್ಯಾಬಿಗೂ ಶೇ 20 ಹೆಚ್ಚುವರಿ ಸುಂಕ ಏರಿಸಿದರು. 2024ರ ಆಗಸ್ಟಿನಲ್ಲಿ ಇಳಿಸಿದ್ದು ದುಬಾರಿ ಬ್ರ್ಯಾಂಡಿನವರಿಗೆ ಮಾತ್ರ. ಅಡಿಕೆ ಸುಲಿದು ಬಂದವ ಕುಡಿಯುವ ಕ್ವಾರ್ಟರಿಗೆ ರಿಯಾಯಿತಿ ಇಲ್ಲ.

ಈಗ ಹರಾಜು. 1992ರಿಂದ ಹೊಸ ವೈನ್ ಶಾಪ್ ಲೈಸೆನ್ಸ್ ನಿಂತಿತ್ತು. ಯಾರಿಗೂ ಹಂಚದೆ ಉಳಿದದ್ದನ್ನು ಆನ್‌ಲೈನ್ ಹರಾಜು ಹಾಕ್ತೇವೆ ಅಂತ 2025ರ ಬಜೆಟ್‌ನಲ್ಲಿ ಹೇಳಿದರು. ಅವತ್ತು ಲೈಸೆನ್ಸ್ ತೆಗೆಯಲು ನಮ್ಮ ಅಪ್ಪಂದಿರ ಕೈಯಲ್ಲಿ ದುಡ್ಡಿರಲಿಲ್ಲ, ಇವತ್ತು ಹರಾಜು ಕೂಗಲು ನಮ್ಮ ಕೈಯಲ್ಲಿಲ್ಲ. ತೆಲಂಗಾಣದಲ್ಲಿ 2021ರಲ್ಲಿ ಎಸ್‌ಸಿಗೆ ಶೇ 10, ಎಸ್‌ಟಿಗೆ ಶೇ 5 ಅಂಗಡಿ ಮೀಸಲಿಟ್ಟು ಚೀಟಿ ಎತ್ತಿದರು. ಹರಾಜಿನಲ್ಲಿ ಮೀಸಲಾತಿ ಇಟ್ಟರೂ ಮಾತಾಡುವುದು ದುಡ್ಡೇ. ಹೆಸರು ನಮ್ಮವನದ್ದು, ಗಲ್ಲಾಪೆಟ್ಟಿಗೆ ಇನ್ಯಾರದ್ದೋ ಆಗ್ತದೆ. ಹಾಗಂತ ನಮ್ಮವರು ಬಾಟ್ಲಿ ಮಾರಿಯೇ ಉದ್ಧಾರ ಆಗ್ಬೇಕು ಅಂತ ನನಗಿಲ್ಲ. ಲಕ್ಷಲಕ್ಷ ಸುರಿದು ಲೈಸೆನ್ಸ್ ಹಿಡಿದವ ಆ ದುಡ್ಡನ್ನು ಯಾರ ಜೇಬಿನಿಂದ ತೆಗೀತಾನೆ ಅನ್ನುವುದೇ ನನ್ನ ಪ್ರಶ್ನೆ.

ನಾನು ಕೇಳುವುದು ಇಷ್ಟೆ. ಕೋಡಿಂಬಾಳ ಈಗ ಕಡಬ ಪಟ್ಟಣ ಪಂಚಾಯತಿಗೆ ಸೇರಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಅವಕಾಶವೂ ಹೋಯಿತು. ಹೊಸ ಅಂಗಡಿ ಬರುವ ಮೊದಲು ಆ ವಾರ್ಡಿನ ಹೆಂಗಸರನ್ನು ಕೂರಿಸಿ ಕೇಳಿ. ಕಾಲನಿಯವರ ಎದುರೇ ಟೇಪು ಹಿಡಿದು ಅಳೆಯಿರಿ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ಗುರಿ ಇಟ್ಟಿದ್ದೀರಿ, ಅದರಲ್ಲಿ ಒಂದು ಪಾಲು ಕುಡಿತ ಬಿಡಿಸುವ ಚಿಕಿತ್ಸೆಗೆ ತಾಲೂಕು ಆಸ್ಪತ್ರೆಗೆ ಕೊಡಿ.

ಅಂಗಡಿಯ ಅಣ್ಣ, ನಿಮ್ಮ ಬಗ್ಗೆ ಬರೆದಿದ್ದೇನೆ. ಇನ್ನು ಕಾಲನಿಗೆ ಚೀಲ ತುಂಬಿಸಿ ಕಳಿಸುವುದನ್ನು ನೀವೂ ನಿಲ್ಲಿಸಿ. ಆಮೇಲೆ ಒಟ್ಟಿಗೆ ನಿಂತು ಸರ್ಕಾರವನ್ನು ಕೇಳುವ.

ಜೈ ಭೀಮ್.