ದೀಪ ನಾವೇ ಮಾಡೋಣ, ಹವಳ ಮಾತ್ರ ಬೇಡ

ಈ ಸಲದ ವಿಜ್ಞಾನ ಪ್ರದರ್ಶನಕ್ಕೆ ಹವಳದ ಅಕ್ವೇರಿಯಂ ಇಡಬೇಕು, ಅದರ ಮೇಲಿನ ಎಲ್‌ಇಡಿ ದೀಪವನ್ನು ನಾವೇ ಕಟ್ಟಬೇಕು ಎಂಬ ಮಾತು ದ್ವಿತೀಯ ಪಿಯು ವಿಜ್ಞಾನ ವಿಭಾಗದಲ್ಲಿ ಓಡಾಡುತ್ತಿದೆ. ದೀಪಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಹವಳಕ್ಕೆ ಇಲ್ಲ.

ದೀಪವನ್ನು ಏಕೆ ಮಾಡಬೇಕು? ಎಲ್‌ಇಡಿಯ ಶಕ್ತಿ ಅಂತರದ ಲೆಕ್ಕವನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತುಬಿಡುತ್ತೇವೆ. 1240 ಅನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿ ನೋಡಿ. 450ರ ನೀಲಿ ಬೆಳಕಿಗೆ ಸುಮಾರು 2.76 ಇಲೆಕ್ಟ್ರಾನ್ ವೋಲ್ಟ್, 660ರ ಕೆಂಪಿಗೆ 1.88. ನೀಲಿ ಎಲ್‌ಇಡಿ ಹತ್ತಿರ ಹತ್ತಿರ 3 ವೋಲ್ಟ್ ಕೇಳುವುದೂ ಕೆಂಪು 2 ವೋಲ್ಟಿನಲ್ಲೇ ಉರಿಯುವುದೂ ಇದೇ ಕಾರಣಕ್ಕೆ. ಮಲ್ಟಿಮೀಟರ್ ಹಿಡಿದು ಒಮ್ಮೆ ಅಳೆದವರು ಇದನ್ನು ಮತ್ತೆ ಓದಬೇಕಾಗಿಲ್ಲ. ಆ ನೀಲಿ ಎಲ್‌ಇಡಿಗಾಗಿಯೇ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರ ನೊಬೆಲ್ ಬಂತು.

ಕಟ್ಟುವಾಗ ಕಲಿಯುವುದು ಇನ್ನೂ ಹೆಚ್ಚು. 3.2 ವೋಲ್ಟಿನ ಆರು ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿದರೆ 19.2 ವೋಲ್ಟ್. 700 ಮಿಲಿಆಂಪಿಯರ್ ಹರಿಸಿದರೆ 13 ವಾಟ್‌ಗೆ ಸ್ವಲ್ಪ ಮೇಲೆ. ಅದರಲ್ಲಿ ದೊಡ್ಡ ಪಾಲು ಬಿಸಿಯಾಗಿಯೇ ಹೋಗುತ್ತದೆ. ಬಿಸಿಯಾದ ಎಲ್‌ಇಡಿಯ ವೋಲ್ಟೇಜ್ ಇಳಿಯುತ್ತದೆ; ಪೂರೈಕೆಯ ವೋಲ್ಟೇಜ್ ಮಾತ್ರ ಸ್ಥಿರವಾಗಿದ್ದರೆ ಕರೆಂಟ್ ಏರುತ್ತದೆ, ಏರಿದಷ್ಟೂ ಬಿಸಿ, ಕೊನೆಗೆ ಸುಟ್ಟುಹೋಗುತ್ತದೆ. ಆದ್ದರಿಂದ ಕರೆಂಟನ್ನೇ ಸ್ಥಿರವಾಗಿಡುವ ಡ್ರೈವರ್ ಬೇಕು, ಹಿಂದೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕು. ನೀರಿನ ಮೇಲೆ ತೂಗುವ ವಸ್ತುವಾದ್ದರಿಂದ 230 ವೋಲ್ಟ್ ತೊಟ್ಟಿಯ ಹತ್ತಿರವೂ ಸುಳಿಯಬಾರದು. ಪವರ್ ಸಪ್ಲೈ ದೂರದಲ್ಲಿ, ಗೋಡೆಯ ಮೇಲೆ ಇರಲಿ. ಈ ಕೆಲಸಕ್ಕೆ ಲ್ಯಾಬ್ ಸರ್ ಪಕ್ಕದಲ್ಲಿರಲೇಬೇಕು.

ಇನ್ನು ಹವಳ. ಅದು ಕಲ್ಲಲ್ಲ, ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೆ ಊಡುತ್ತದೆ. ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುವುದರಿಂದ ಆಳಕ್ಕೆ ಇಳಿಯುವುದು ಹೆಚ್ಚಾಗಿ ನೀಲಿ. ಹವಳದ ತೊಟ್ಟಿಯ ದೀಪಗಳು ನೀಲಿಯಾಗಿರುವ ಗುಟ್ಟು ಇದು.

ಆದರೆ 2001ರಿಂದ ನಮ್ಮ ದೇಶದಲ್ಲಿ ಎಲ್ಲ ಗಟ್ಟಿ ಹವಳಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ದುಬಾರೆಯ ಆನೆ ಶಿಬಿರವನ್ನು ನೋಡುತ್ತಾ ಬೆಳೆದವರಿಗೆ ಆ ಪಟ್ಟಿಯ ತೂಕ ಬೇರೆ ಹೇಳಬೇಕಿಲ್ಲ. "ಆನ್‌ಲೈನ್‌ನಲ್ಲಿ ಸಿಗುತ್ತದಲ್ಲ" ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಸಿಗುವುದು ಬೇರೆ, ಸಲ್ಲುವುದು ಬೇರೆ. ನಮಗೆ ಹತ್ತಿರದ ಹವಳ ದ್ವೀಪಗಳಾದ ಲಕ್ಷದ್ವೀಪದಲ್ಲಿ 2024ರಲ್ಲಿ ಸಮುದ್ರ ಬಿಸಿಯಾಗಿ ಹವಳಗಳು ತಮ್ಮ ಪಾಚಿಯನ್ನು ಕಳೆದುಕೊಂಡು ಬೆಳ್ಳಗಾದವು. ಅಲ್ಲಿ ಸಾಯುತ್ತಿರುವುದನ್ನು ಇಲ್ಲಿ ಮೂರು ದಿನದ ಪ್ರದರ್ಶನಕ್ಕೆ ತಂದಿಡುವುದೇ? ಸೂರಃ ಅರ್‌ರಹ್ಮಾನ್‌ನಲ್ಲಿ ಮುತ್ತು, ಹವಳಗಳ ಪ್ರಸ್ತಾಪವಿದೆ, ನಮಗೆಲ್ಲ ಗೊತ್ತು. ಅದಕ್ಕೂ ಮೊದಲು, ಅದೇ ಸೂರಃದಲ್ಲಿ, ಮೀಝಾನ್ ಅಂದರೆ ತಕ್ಕಡಿಯ ಸಮತೋಲನವನ್ನು ಮೀರಬೇಡಿ ಎಂಬ ಎಚ್ಚರಿಕೆಯೂ ಬರುತ್ತದೆ.

ಉಪ್ಪಿನ ಲೆಕ್ಕವನ್ನು ಯಾರೂ ಹಾಕಿದಂತಿಲ್ಲ. ಸಮುದ್ರದ ನೀರಿನ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೂರು ಲೀಟರಿನ ತೊಟ್ಟಿಗೆ ಮೂರೂವರೆ ಕಿಲೋ. ಬದಲಾಯಿಸಿದ ನೀರನ್ನು ಚೆಲ್ಲುವುದೆಲ್ಲಿಗೆ? ನಮ್ಮ ಕಡೆಯ ಚರಂಡಿಗಳು ಕೊನೆಗೆ ಮುಟ್ಟುವುದು ಕಾವೇರಿಯನ್ನು.

ಹಾಗಾದರೆ ದೀಪದ ಕೆಳಗೆ ಏನಿಡೋಣ? ಸಿಹಿನೀರಿನ ಗಿಡಗಳ ತೊಟ್ಟಿ. ವ್ಯಾಲಿಸ್ನೇರಿಯಾದಂಥ ನೀರಹುಲ್ಲು ಸಾಕು. ಇದು ಸಪ್ಪೆ ಎನ್ನುವ ಗೆಳೆಯರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೆಂಪು, ನೀಲಿ, ಬಿಳಿ ದೀಪಗಳನ್ನು ಒಂದೊಂದಾಗಿ ಹಚ್ಚಿ, ಪ್ರತಿ ಬಣ್ಣದಲ್ಲೂ ನಿಮಿಷಕ್ಕೆ ಎಲೆಯಿಂದ ಎಷ್ಟು ಆಮ್ಲಜನಕದ ಗುಳ್ಳೆ ಏಳುತ್ತದೆ ಎಂದು ಎಣಿಸಬಹುದು. ಹವಳದ ತೊಟ್ಟಿಯಲ್ಲಿ ಇಂಥದ್ದು ನಮ್ಮಿಂದಾಗದು. ಭೌತಶಾಸ್ತ್ರ, ಜೀವಶಾಸ್ತ್ರ ಎರಡೂ ಒಂದೇ ಮೇಜಿನ ಮೇಲೆ ಬರುತ್ತವೆ.

ಮೀನು ಬೇಕೇಬೇಕು ಎನ್ನುವವರಿಗೆ ಒಂದು ಷರತ್ತು. ಹೊಳೆಯಿಂದ ಹಿಡಿದು ತರುವುದು ಬೇಡ, ಸಾಕಿ ಬೇಸತ್ತ ಮೇಲೆ ಹೊಳೆಗೆ ಬಿಡುವುದಂತೂ ಬೇಡವೇ ಬೇಡ. ಗಾಜಿಗೆ ಅಂಟುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ದಕ್ಷಿಣ ಭಾರತದ ಕೆರೆ-ನದಿಗಳಿಗೆ ಸೇರಿದ್ದು ಹೀಗೆ ಬಿಟ್ಟದ್ದರಿಂದಲೇ. ನಮ್ಮ ಕಾವೇರಿಯ ಹಂಪ್‌ಬ್ಯಾಕ್ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಅದಕ್ಕೆ ಇನ್ನೊಂದು ಶತ್ರುವನ್ನು ನಾವು ಕಳಿಸಿಕೊಡಬೇಕಾಗಿಲ್ಲ.

ಒಂದು ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ, ಅದನ್ನು ತೊಟ್ಟಿ ಕೊಳ್ಳುವ ಮೊದಲೇ ತೀರ್ಮಾನಿಸಬೇಕು. ದಿನಕ್ಕೆ ಎಂಟು ಗಂಟೆ ದೀಪ ಉರಿಸಲು ಟೈಮರ್ ಸಾಕು. ಆದರೆ ಜುಲೈ ಮಳೆಗೆ ಮೂರು ದಿನ ಕರೆಂಟ್ ಹೋದಾಗ, ಈದ್ ರಜೆಯಲ್ಲಿ ಎಲ್ಲರೂ ಊರಿಗೆ ಹೋದಾಗ, ತೊಟ್ಟಿಯನ್ನು ನೋಡಲು ಬರುವವರು ಯಾರು? ಕಾಲೇಜಿನ ಹತ್ತಿರ ಮನೆಯಿರುವ ಇಬ್ಬರು ಹೆಸರು ಕೊಟ್ಟರೆ ಬೆಸುಗೆ ಹಾಕುವ ಕೆಲಸಕ್ಕೆ ನನ್ನ ಹೆಸರನ್ನೂ ಬರೆದುಕೊಳ್ಳಿ.