ಬಡ್ಡಿ ಬೇಡವೆನ್ನುವವರು ಹಣ ಎಲ್ಲಿಡಬೇಕು?

ಬೆಂಗಳೂರಿನ ಐ.ಎಂ.ಎ. ಕಂಪೆನಿ 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿದಾಗ ಅದರ ಕಚೇರಿಯ ಮುಂದೆ ಸೇರಿದವರಲ್ಲಿ ಹೆಚ್ಚಿನವರು ಸಾಧಾರಣ ವರಮಾನದ ಮುಸ್ಲಿಮರು. ಇದು ಬಡ್ಡಿಯಲ್ಲ, ವ್ಯಾಪಾರದ ಲಾಭದಲ್ಲಿ ಪಾಲು ಎಂಬ ಮಾತನ್ನು ನಂಬಿ ಅವರು ಉಳಿತಾಯವನ್ನೆಲ್ಲ ಅಲ್ಲಿ ಹಾಕಿದ್ದರು. ಸಾವಿರಾರು ಕೋಟಿ ರೂಪಾಯಿಯ ಆ ಪ್ರಕರಣ ಮುಂದೆ ಸಿ.ಬಿ.ಐ.ಗೆ ಹೋಯಿತು. ಇದು ಬರೀ ಮೋಸದ ಕಥೆಯೆಂದು ಬದಿಗಿಟ್ಟರೆ ಹಿಂದಿರುವ ಪ್ರಶ್ನೆ ನಮಗೆ ಕಾಣಿಸದು.

ಇಸ್ಲಾಂ ಲಾಭವನ್ನು ನಿಷೇಧಿಸುವುದಿಲ್ಲ. ನಷ್ಟದ ಹೊಣೆ ಹೊರದೆ, ಕೊಟ್ಟ ಸಾಲದ ಮೇಲೆ ಹೆಚ್ಚುವರಿ ಪಡೆಯುವುದನ್ನು 'ರಿಬಾ' ಎಂದು ನಿಷೇಧಿಸುತ್ತದೆ. ಈ ವಿಚಾರವನ್ನು ಆಧುನಿಕ ಬ್ಯಾಂಕಿಗೆ ಹೊಂದಿಸಿದವರಲ್ಲಿ ಈಜಿಪ್ಟಿನ ಅಹ್ಮದ್ ಅಲ್ ನಜ್ಜಾರ್ ಮೊದಲಿಗರು. ಜರ್ಮನಿಯ ಉಳಿತಾಯ ಬ್ಯಾಂಕುಗಳನ್ನು ನೋಡಿ ಬಂದ ಅವರು 1963ರಲ್ಲಿ ಮಿತ್ ಘಮರ್ ಎಂಬ ಪಟ್ಟಣದಲ್ಲಿ ರೈತರಿಗಾಗಿ ಬಡ್ಡಿರಹಿತ ಬ್ಯಾಂಕ್ ತೆರೆದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ 1975ರಲ್ಲಿ ದುಬೈಯಲ್ಲಿ, 1983ರಲ್ಲಿ ಮಲೇಷ್ಯಾದಲ್ಲಿ ಇಂಥ ಬ್ಯಾಂಕುಗಳು ಬಂದವು.

ಇವು ಹೆಚ್ಚಾಗಿ ಬಳಸುವ ಕ್ರಮ 'ಮುರಾಬಹಾ'. ನಿಮಗೆ ರಿಕ್ಷಾ ಬೇಕೆನ್ನಿ. ಬ್ಯಾಂಕ್ ಸಾಲ ಕೊಡದೆ ತಾನೇ ರಿಕ್ಷಾ ಖರೀದಿಸಿ, ತನ್ನ ಲಾಭ ಸೇರಿಸಿದ ಬೆಲೆಗೆ ಕಂತಿನ ಮೇಲೆ ನಿಮಗೆ ಮಾರುತ್ತದೆ. ಇದು ಬಡ್ಡಿಗೇ ಬೇರೆ ಅಂಗಿ ತೊಡಿಸಿದಂತೆ ಎಂದು ಟೀಕಿಸುವವರು ಮುಸ್ಲಿಂ ಅರ್ಥಶಾಸ್ತ್ರಜ್ಞರಲ್ಲೂ ಇದ್ದಾರೆ. ಆ ಟೀಕೆಯಲ್ಲಿ ಹುರುಳಿದೆ ಎಂದೇ ನಮ್ಮ ಅಭಿಪ್ರಾಯ.

ಹಾಗೆಂದು ನಾವು ನಗುವಂತಿಲ್ಲ. 1179ರ ಲ್ಯಾಟರನ್ ಮಹಾಸಭೆ ಬಡ್ಡಿಕೋರರಿಗೆ ಪರಮಪ್ರಸಾದವನ್ನೂ ಕ್ರೈಸ್ತ ಸಮಾಧಿಯನ್ನೂ ನಿರಾಕರಿಸಿತ್ತು. ಫ್ರಾನ್ಸಿಸ್ಕನ್ ಸನ್ಯಾಸಿಗಳು ಇಟಲಿಯಲ್ಲಿ ಬಡವರಿಗಾಗಿ ಅಡವು ಸಾಲದ ನಿಧಿಗಳನ್ನು ತೆರೆದಾಗ, ಖರ್ಚಿಗೆಂದು ಪಡೆಯುವ ಅಲ್ಪ ಮೊತ್ತವೂ ಬಡ್ಡಿಯೇ ಎಂಬ ವಾದ ದಶಕಗಳ ಕಾಲ ನಡೆಯಿತು. 1515ರಲ್ಲಷ್ಟೇ ಧರ್ಮಸಭೆ ಅದಕ್ಕೆ ಒಪ್ಪಿಗೆಯಿತ್ತಿತು. ಮಂಗಳೂರಿನ ಕೆಥೋಲಿಕರು 1912ರಲ್ಲಿ ಸಹಕಾರಿ ಬ್ಯಾಂಕ್ ಕಟ್ಟುವಷ್ಟರಲ್ಲಿ ಆ ಚರ್ಚೆ ಹಳೆಯದಾಗಿತ್ತು.

ಭಾರತದಲ್ಲಿ ತೊಡಕು ಕಾನೂನಿನದು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 8ನೇ ಕಲಮು ಬ್ಯಾಂಕುಗಳು ಸರಕು ಕೊಂಡು ಮಾರುವುದನ್ನು ನಿಷೇಧಿಸುತ್ತದೆ, ಮುರಾಬಹಾಕ್ಕೆ ದಾರಿ ಅಲ್ಲಿಗೇ ಮುಚ್ಚಿತು. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಪರವಾಗಿ ಶಿಫಾರಸು ಮಾಡಿತ್ತು. ಬ್ಯಾಂಕಿಂಗ್ ಸೇವೆ ಎಲ್ಲ ನಾಗರಿಕರಿಗೂ ಸಮಾನವಾಗಿ ಲಭ್ಯವಿದೆ ಎಂಬ ಕಾರಣ ನೀಡಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿರುವುದು 2017ರಲ್ಲಿ ತಿಳಿದುಬಂತು. ಲಭ್ಯವಿರುವುದು ಬೇರೆ, ಮನಸ್ಸಾಕ್ಷಿ ಒಪ್ಪುವುದು ಬೇರೆ. ಬ್ಯಾಂಕಿನಿಂದ ದೂರ ಉಳಿದವರ ಹಣ ಯಾರ ತಪಾಸಣೆಯೂ ಇಲ್ಲದ ಕಂಪೆನಿಗಳತ್ತ ಹರಿಯಿತು.

ಆದರೂ ಎಲ್ಲ ಹೊಣೆಯನ್ನು ದೆಹಲಿಯ ಮೇಲೆ ಹೊರಿಸಲಾಗದು. ಲಾಭದಲ್ಲಿ ಪಾಲು ಎಂದ ಮೇಲೆ ಅದು ಏರಬೇಕು, ಇಳಿಯಬೇಕು, ನಷ್ಟವೂ ಆಗಬೇಕು. ತಿಂಗಳು ತಪ್ಪದೆ ಆಕರ್ಷಕ ಮೊತ್ತ ಕೈಸೇರುತ್ತಿದ್ದಾಗ ಲೆಕ್ಕ ತೋರಿಸಿ ಎಂದು ಕೇಳಬೇಕಿತ್ತು. ಠೇವಣಿದಾರರಿಗಿಂತ ಮೊದಲು ಇದನ್ನು ಕೇಳಬೇಕಾದವರು ಸಮುದಾಯದ ಮುಖಂಡರು. ದೇಶದ ಹಲವೆಡೆ ಬಡ್ಡಿರಹಿತ ಸಹಕಾರಿ ಸಂಘಗಳು ಸಣ್ಣ ಸಾಲ ಕೊಟ್ಟು, ಸೇವಾ ಶುಲ್ಕವನ್ನಷ್ಟೇ ಪಡೆಯುತ್ತಿವೆ. ಅಲ್ಲಿ ದೊಡ್ಡ ಲಾಭವಿಲ್ಲ ನಿಜ, ಆದರೆ ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಯಿದೆ, ಮಹಾಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಸದಸ್ಯನಿಗಿದೆ.