ಸತ್ಯವೇದವನ್ನ ಕೇರಿಯಲ್ಲಿ ಕೂತು ಓದಿದ್ರೆ



ಉದ್ದದ ಪೋಸ್ಟು. ಪುರುಸೊತ್ತಿದ್ದಾಗ ಓದಿ. ಬೈಯೋದಿದ್ರೂ ಪೂರ್ತಿ ಓದಿ ಬೈರಿ.

ಹಳೇಬೀಡು ಕಡೆಯ ನಮ್ಮ ಕೇರಿಯಲ್ಲಿ ಈ ಸಲದ ಅಂಬೇಡ್ಕರ್ ಜಯಂತಿಗೆ ಪೂರ್ವಭಾವಿ ಸಭೆ ಸೇರಿದ್ವಿ. "ಪ್ರಾರ್ಥನೆಗೆ ಹೋಗೋ ಐದು ಮನೆಯಿಂದ ಚಂದಾ ಎತ್ತೋದು ಬೇಡ, ಅವರು ಅಕ್ಕಿ ಮೂಟೆಗೆ ಮಾರ್ಕೊಂಡೋರು" ಅಂತ ಒಬ್ಬ ಹುಡುಗ ಎದ್ದು ಹೇಳಿದ. ಯಾರೂ ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅರಸೀಕೆರೆಯ ಆಫೀಸಲ್ಲಿ ದಿನಾ ಲೆಡ್ಜರ್ ಬರೆಯೋ ಗುಮಾಸ್ತ ಅಂತ ನಡಾವಳಿ ಪುಸ್ತಕ ಯಾವಾಗ್ಲೂ ನನ್ನ ಕೈಗೇ ಕೊಡ್ತಾರೆ. ತೀರ್ಮಾನ ಬರೆದೆ, ಎಲ್ಲರ ಸಹಿ ಹಾಕಿಸಿದೆ. ಆ ಐದು ಮನೆಗಳಲ್ಲಿ ಒಂದು ನನ್ನ ಚಿಕ್ಕವ್ವನದು.

ಮುಂದಿನ ಭಾನುವಾರ ಊರಿಗೆ ಹೋದಾಗ ಚಿಕ್ಕವ್ವ ಜಗಲಿ ಮೇಲೆ ಕೂತಿದ್ರು. ಸುದ್ದಿ ಮುಟ್ಟಿತ್ತು. "ಅಲ್ಲಿ ಪಾಸ್ಟರು ಫೋಟೋಗೆ ಹಾರ ಹಾಕೋದು ವಿಗ್ರಹಾರಾಧನೆ, ಜಯಂತಿಗೆ ಹೋಗಬೇಡಿ ಅಂತಾರೆ. ಇಲ್ಲಿ ನೀವು ಚಂದಾ ಬೇಡ ಅಂತೀರಿ. ನಾನು ಎಲ್ಲಿ ನಿಂತ್ಕೊಳ್ಳಾನ ಮಗ? ಹದಿನೈದು ವರ್ಷದಿಂದ ಆ ಹಾರ ಕಟ್ತಾ ಇರೋಳು ನಾನು."

ಉತ್ತರ ಇರಲಿಲ್ಲ. ಚಿಕ್ಕವ್ವಂಗೆ ಓದು ಬರಲ್ಲ. ಒಳಗಿಂದ ಬೈಬಲ್ ತಂದು ನನ್ನ ಮುಂದೆ ಇಟ್ರು. "ನೀನು ಬಿಎ ಓದಿದೀಯ. ಅದ್ರಲ್ಲಿ ಏನೈತೆ ಅಂತ ನೀನೇ ಓದಿ ಹೇಳು." ಅವತ್ತಿಂದ ನಾಲ್ಕು ಭಾನುವಾರ ಅದೇ ಕೆಲಸ. ನಾನು ಕ್ರೈಸ್ತನಲ್ಲ, ಆಗೋ ಇರಾದೆಯೂ ಇಲ್ಲ. ನನ್ನ ದಾರಿ ನಾಗಪುರದ ದಾರಿ. ಆದ್ರೆ ಓದಿದ ಮೇಲೆ ಅನಿಸಿದ್ದನ್ನ ಪಾಸ್ಟರಿಗೂ ನಮ್ಮ ಸಂಗಾತಿಗಳಿಗೂ ಒಟ್ಟಿಗೇ ಹೇಳಬೇಕು.

ಮೊದಲು ಒಂದು ತಿಳ್ಕೊಳ್ಳಿ. ಬೈಬಲ್ ಓದೋದ್ರಲ್ಲಿ ಕ್ರೈಸ್ತರು ಒಂದೇ ಮನೆಯವರಲ್ಲ. ಸಭೆಯ ಪರಂಪರೆ ಬಿಟ್ಟು ಒಬ್ಬೊಬ್ಬರೇ ಅರ್ಥ ಮಾಡ್ಕೊಳ್ಳೋದು ಸರಿಯಲ್ಲ ಅಂತಾರೆ ಕ್ಯಾಥೊಲಿಕರು. ಗ್ರಂಥವೇ ಪ್ರಮಾಣ, ಪ್ರತಿಯೊಬ್ಬನ ಕೈಗೂ ಅವನ ಭಾಷೆಯಲ್ಲೇ ಕೊಡಿ ಅಂದೋರು ಪ್ರಾಟೆಸ್ಟಂಟರು. ಪವಿತ್ರಾತ್ಮ ಮುಟ್ಟದೆ ಓದಿ ಏನು ಪ್ರಯೋಜನ ಅಂತಾರೆ ಪೆಂಟೆಕೋಸ್ಟಿನವರು. ಹಸುಗೂಸಿಗೇ ದೀಕ್ಷಾಸ್ನಾನ ಕೊಡೋರು ಒಂದು ಕಡೆ, ಬುದ್ಧಿ ಬಂದ ಮೇಲೆ ತಾನೇ ಒಪ್ಪಿ ನೀರಿಗಿಳಿದ್ರೆ ಮಾತ್ರ ನಂಬಿಕೆ ಅನ್ನೋರು ಇನ್ನೊಂದು ಕಡೆ. ನಮ್ಮ ಕೇರಿಗೆ ಬರೋ ಪಾಸ್ಟರು ಈ ಕೊನೆಯ ಸಾಲಿನವರು. ಅವರೂ ನಮ್ಮ ಜನವೇ. "ನಾನು ವ್ಯಾಖ್ಯಾನ ಮಾಡಲ್ಲ ಅಣ್ಣ, ಬರೆದಿರೋದನ್ನ ಹಂಗೇ ಓದ್ತೀನಿ" ಅಂದ್ರು ನನ್ನ ಹತ್ರ.

ಹಂಗೇ ಓದೋದು ಅಂತ ಒಂದಿದೆಯಾ? ಇಪ್ಪತ್ತು ವರ್ಷದಿಂದ ಗುಮಾಸ್ತಿಕೆ ಮಾಡ್ತಿದ್ದೀನಿ. ರೂಲ್ಸ್ ಪುಸ್ತಕ ಒಂದೇ. ಮೇಜಿನ ಆಚೆ ಜೋರಿನವರು ನಿಂತ್ರೆ ಒಂದು ಪುಟ ತೆಗೀತಾರೆ, ನಮ್ಮೋರು ನಿಂತ್ರೆ ಇನ್ನೊಂದು ಪುಟ. ಎರಡೂ ಪುಟದಲ್ಲಿ ಬರೆದಿರೋದು ನಿಜವೇ. ಯಾವ ಪುಟ ತೆಗೆದ್ರು ಅನ್ನೋದ್ರಲ್ಲೇ ವ್ಯಾಖ್ಯಾನ ಮುಗಿದಿರುತ್ತೆ.

ಬೈಬಲ್ಲೂ ಅಷ್ಟೆ. ಎಫೆಸದವರಿಗೆ ಬರೆದ ಪತ್ರದಲ್ಲಿ ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಅಂತಿದೆ. ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿ, ಒಡೆಯನಿಂದ ತಪ್ಪಿಸಿಕೊಂಡು ಬಂದ ಗುಲಾಮನನ್ನ ವಾಪಸ್ ಒಪ್ಪಿಸಬೇಡ, ಅವನಿಗೆ ಇಷ್ಟ ಬಂದ ಊರಲ್ಲಿ ಇರಲಿ ಅಂತಿದೆ. ಎರಡೂ ಒಂದೇ ಪುಸ್ತಕ. ಕರಿಯರನ್ನ ಕಬ್ಬಿನ ತೋಟದಲ್ಲಿ ದುಡಿಸಿದವರಿಗೆ ಮೊದಲನೆಯದು ಮಾತ್ರ ಬೇಕಿತ್ತು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ಗುಲಾಮರಿಗೆ ಅಂತಲೇ ಒಂದು ಬೈಬಲ್ ಅಚ್ಚು ಹಾಕಿಸಿದ್ರು. ಅದರಲ್ಲಿ ಇಸ್ರಾಯೇಲ್ಯರು ಈಜಿಪ್ಟಿನ ದಾಸ್ಯದಿಂದ ಹೊರಟು ಬಂದ ಕಥೆಯನ್ನೇ ಕತ್ತರಿಸಿಬಿಟ್ಟಿದ್ರು. ಕತ್ತರಿ ಹಾಕಿದವರಿಗೆ ಬೈಬಲ್ ಚೆನ್ನಾಗಿಯೇ ಅರ್ಥ ಆಗಿತ್ತು!

ಅಮೆರಿಕದ ಕಪ್ಪು ಧರ್ಮಚಿಂತಕ ಹೋವರ್ಡ್ ಥರ್ಮನ್ 1949ರ ತನ್ನ ಪುಸ್ತಕದಲ್ಲಿ ಅಜ್ಜಿಯ ವಿಷಯ ಬರೀತಾರೆ. ಗುಲಾಮಳಾಗಿ ಹುಟ್ಟಿದಾಕೆ, ಓದು ಬರಲ್ಲ. ಮೊಮ್ಮಗ ಬೈಬಲ್ ಓದಿ ಹೇಳಬೇಕು. ಆದ್ರೆ ಪೌಲನ ಪತ್ರಗಳನ್ನ, ಪ್ರೀತಿಯ ಬಗ್ಗೆ ಇರೋ ಒಂದು ಅಧ್ಯಾಯ ಬಿಟ್ರೆ, ಓದೋಕೆ ಬಿಡ್ತಿರಲಿಲ್ಲ. ಯಜಮಾನನ ಪಾದ್ರಿ ಬಂದಾಗಲೆಲ್ಲ ದಾಸರೇ ವಿಧೇಯರಾಗಿ ಅನ್ನೋ ವಾಕ್ಯವನ್ನೇ ಬೋಧಿಸ್ತಿದ್ದನಂತೆ. ನನಗೆ ಎಂದಾದ್ರೂ ಬಿಡುಗಡೆ ಸಿಕ್ಕಿದ್ರೆ ಅದನ್ನ ಇನ್ನು ಕೇಳಲ್ಲ ಅಂತ ಆಕೆ ನಿರ್ಧಾರ ಮಾಡಿದ್ಲು. ಆ ಅಜ್ಜಿ ದೇವರನ್ನ ಬಿಡಲಿಲ್ಲ. ಯಜಮಾನನ ಓದನ್ನ ಬಿಟ್ಟಳು.

ಇದು ದೂರದ ಕಥೆ ಅನ್ನಬೇಡಿ, ನಮ್ಮ ಜಿಲ್ಲೆಗೇ ಬರ್ತೀನಿ. ಹಾಸನದ ಕ್ರೈಸ್ತರು ಅಂದ ಕೂಡಲೇ ಎಲ್ಲರೂ ರೀಲ್ಸಿನಲ್ಲಿ ಹಾಕೋದು ಶೆಟ್ಟಿಹಳ್ಳಿಯ ಹಾಳು ಚರ್ಚು, ಹೇಮಾವತಿ ಹಿನ್ನೀರಲ್ಲಿ ಮುಳುಗಿ ಏಳೋದು. ಅದು ಕಟ್ಟೋಕೂ ಮುಂಚೆ ಈ ಸೀಮೆಯಲ್ಲಿ ಓಡಾಡಿದ ಒಬ್ಬ ಫ್ರೆಂಚ್ ಪಾದ್ರಿ ಇದ್ದ, ಅಬ್ಬೆ ದ್ಯುಬುವಾ. 1792ರಲ್ಲಿ ಬಂದು 1823ರಲ್ಲಿ ವಾಪಸ್ ಹೋದ. ನಮ್ಮವರ ಹಾಗೇ ಉಡುಪು ತೊಟ್ಟ, ಸಿಡುಬಿನ ಲಸಿಕೆ ಹಬ್ಬಿಸಿದ. ಹೋದ ವರ್ಷವೇ ಲಂಡನ್ನಿನಲ್ಲಿ ಭಾರತದ ಕ್ರೈಸ್ತಮತದ ಸ್ಥಿತಿಗತಿ ಬಗ್ಗೆ ಅವನ ಪತ್ರಗಳ ಪುಸ್ತಕ ಬಂತು.

ಅದರಲ್ಲಿ ಅವನ ವಾದ ಏನು? ಬೈಬಲನ್ನ ಈ ದೇಶದ ಭಾಷೆಗಳಿಗೆ ಅನುವಾದಿಸಿ ಹಂಚಬೇಡಿ. ಯಾಕೆ? ಅಬ್ರಹಾಮ ಅತಿಥಿಗಳಿಗೆ ಕರು ಕಡೀತಾನೆ, ತಪ್ಪಿಹೋದ ಮಗ ಮನೆಗೆ ಬಂದಾಗ ಅಪ್ಪ ಕೊಬ್ಬಿದ ಕರು ಕಡಿದು ಊಟ ಹಾಕ್ತಾನೆ, ಇದನ್ನ ಓದಿದ ಹಿಂದೂ ಹೇಸಿಕೊಂಡು ಪುಸ್ತಕ ಮುಚ್ತಾನೆ. ಅದೇ ಹೊತ್ತಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಅನುವಾದದಲ್ಲಿ ಮುಳುಗಿದ್ದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ದ್ಯುಬುವಾಗೆ ಉತ್ತರ ಕೊಟ್ಟು ಪ್ರಾಟೆಸ್ಟಂಟ್ ಪಾದ್ರಿಗಳು ಪುಸ್ತಕಗಳನ್ನೇ ಬರೆದ್ರು. ದೊಡ್ಡ ಜಗಳ ಅದು.

ಚಿಕ್ಕವ್ವಂಗೆ ಲೂಕನ ಆ ಕಥೆ ಓದಿ ಹೇಳಿದೆ. ಕರು ಕಡಿದ ಜಾಗಕ್ಕೆ ಬಂದಾಗ ಅವರು ಹೇಸಲಿಲ್ಲ. "ಪಾಪ, ಎಷ್ಟು ಖುಷಿಯಾಗಿತ್ತೋ ಆ ಅಪ್ಪಂಗೆ" ಅಂದ್ರು. ದ್ಯುಬುವಾ ಹೇಳಿದ ಹಿಂದೂ ಯಾರು ಹಾಗಾದ್ರೆ? ಬಾಡು ತಿಂತಾರೆ ಅಂತಲೇ ಊರಾಚೆ ಇಟ್ಟ ನಮ್ಮ ಜನ ಅವನ ಲೆಕ್ಕದಲ್ಲಿ ಓದುಗರೇ ಅಲ್ಲ. ಅವನು ಬೈಬಲ್ಲನ್ನ ಅಗ್ರಹಾರದ ಜಗಲಿ ಮೇಲೆ ಕೂತು ಓದಿದ.

ಇನ್ನೊಂದು ಪ್ರಸಂಗವನ್ನ ಅವನೇ ಬರ್ಕೊಂಡಿದ್ದಾನೆ. ಯೇಸುವಿನ ಸಾಕುತಂದೆ ಬಡಗಿ, ಶಿಷ್ಯರು ಬಡ ಬೆಸ್ತರು ಅಂತ ಒಮ್ಮೆ ಬೋಧಿಸಿದನಂತೆ. ಕೇಳಿದ ಕ್ರೈಸ್ತರಿಗೇ ಮುಜುಗರ. ಅವೆಲ್ಲ ಕೀಳು ಕಸುಬು ಸ್ವಾಮಿ, ಇನ್ಮೇಲೆ ಅವರು ಕ್ಷತ್ರಿಯ ಕುಲದವರು ಅಂತ ಹೇಳಿ ಅಂತ ಸಲಹೆ ಕೊಟ್ರಂತೆ. ನೋಡಿ, ಜಾತಿ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಬರೋದಲ್ಲ, ಒಳಗೆ ಬಂದು ದೇವರ ಕುಲಾನೇ ತಿದ್ದುತ್ತೆ.

ಚಪ್ಪಲಿ ಅಂದಾಗ ನಮ್ಮ ಬೇಲೂರು ನೆನಪಾಗುತ್ತೆ. ಚೆನ್ನಿಗರಾಯನಿಗೆ ಚನ್ನಗಿರಿ, ಬಸವಾಪಟ್ಟಣದ ಮಾದಿಗರು ಚಪ್ಪಲಿ ಹೊಲಿದು ತರೋ ಪದ್ಧತಿ ಹಳೇ ಗೆಜೆಟಿಯರುಗಳಲ್ಲೂ ದಾಖಲಾಗಿದೆ. ಚಿಕ್ಕವ್ವಂಗೆ ಯೋಹಾನನ 13ನೇ ಅಧ್ಯಾಯ ಓದಿದೆ. ಯೇಸು ಸೊಂಟಕ್ಕೆ ಟವಲ್ಲು ಸುತ್ಕೊಂಡು ಶಿಷ್ಯರ ಕಾಲು ತೊಳೀತಾನೆ. ಚಿಕ್ಕವ್ವ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ದೇವ್ರ ಕಾಲಿಗೆ ಮೆಟ್ಟು ಮಾಡ್ಕೊಟ್ಟೋರು ನಾವು. ನಮ್ಮ ಕಾಲು ಮುಟ್ಟಿದ ದೇವ್ರು ಇವನೊಬ್ಬನೇ ಕಣ್ ಮಗ" ಅಂದ್ರು. ಯಾವ ಪಾಸ್ಟರೂ ಹೇಳಿಕೊಟ್ಟ ಮಾತಲ್ಲ ಅದು. ಕೇರಿಯಲ್ಲಿ ಕೂತು ಮಾಡಿದ ವ್ಯಾಖ್ಯಾನ.

ಈಗ ಪಾಸ್ಟರಿಗೆ. ಅಣ್ಣ, ವಿಗ್ರಹ ಮಾಡ್ಕೋಬೇಡ ಅನ್ನೋ ಆಜ್ಞೆ ಇರೋದು ನಿಜ. ಅದು ಇರೋ ಪುಸ್ತಕಕ್ಕೆ ಕನ್ನಡದಲ್ಲಿ ಏನು ಹೆಸರು? ವಿಮೋಚನಕಾಂಡ. 20ನೇ ಅಧ್ಯಾಯದಲ್ಲಿ ಆಜ್ಞೆಗಳು ಶುರುವಾಗೋ ಮೊದಲು ದೇವರು ತನ್ನ ಪರಿಚಯ ಹೇಳ್ತಾನೆ: ನಿನ್ನನ್ನ ದಾಸ್ಯದಿಂದ ಬಿಡಿಸಿದವನು ನಾನು ಅಂತ. ಆ ವಾಕ್ಯ ಹಾರಿಸಿ ಮುಂದಿನದಕ್ಕೆ ಯಾಕೆ ಹೋಗ್ತೀರಿ? ಯೆಹೋಶುವನ ಪುಸ್ತಕದ 4ನೇ ಅಧ್ಯಾಯ ನೋಡಿ. ಜೋರ್ದನ್ ನದಿ ದಾಟಿದ ಮೇಲೆ ಹನ್ನೆರಡು ಕಲ್ಲು ನಿಲ್ಲಿಸ್ತಾರೆ. ಪೂಜೆಗಲ್ಲ. ನಾಳೆ ಮಕ್ಕಳು ಇದೇನು ಅಂತ ಕೇಳಿದ್ರೆ ದಾಟಿ ಬಂದ ಕಥೆ ಹೇಳೋಕೆ. ನಮ್ಮ ಕೇರಿಯ ಬಾಬಾಸಾಹೇಬರ ಫೋಟೋ ಅಂಥ ಕಲ್ಲು.

ನಿಮ್ಮ ಮಾತಲ್ಲಿ ಒಂದು ಕಾಳು ಸತ್ಯ ಇದೆ, ಒಪ್ತೀನಿ. ವ್ಯಕ್ತಿಪೂಜೆ ಬೇಡ ಅಂತ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಬಾಬಾಸಾಹೇಬರೇ. ಹಾರ ಹಾಕಿ, ಡಿಜೆ ಹಾಕಿ, ಪುಸ್ತಕ ಮಾತ್ರ ಮುಟ್ಟದ ನಮಗೂ ಅದು ಬಡೀಬೇಕು. ಆದ್ರೆ ನಮ್ಮದೇ ಜನದ ಧರ್ಮಚಿಂತಕರೂ ನಿಮ್ಮ ಸಭೆಯೊಳಗೇ ಇದ್ದಾರೆ, ಅವರನ್ನೂ ಓದಿ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಎತ್ತಿದ ಪ್ರಶ್ನೆಯಿಂದ ದಲಿತ ದೇವಶಾಸ್ತ್ರ ಬೆಳೀತು. ಗುಲಾಮರ ಬಿಡುಗಡೆಯ ಕಥೆಯಲ್ಲಿ ದಲಿತರ ಕಥೆಯನ್ನ ಕಂಡವರು ಅವರು.

ಇನ್ನು ನಮ್ಮ ಸಂಗಾತಿಗಳಿಗೆ. ಇದು ಜಾಸ್ತಿ ಕಹಿ.

ದ್ಯುಬುವಾ ತನ್ನ ಮತಾಂತರಗಳ ಲೆಕ್ಕ ಕೊಡ್ತಾನೆ: ಎಲ್ಲಾ ಸೇರಿ ಇನ್ನೂರರಿಂದ ಮುನ್ನೂರು ಜನ, ಅದರಲ್ಲಿ ಮೂರರಲ್ಲಿ ಎರಡು ಭಾಗ ಹೊಲೆಯರು, ಭಿಕ್ಷುಕರು. ಗತಿಯಿಲ್ಲದ ಬಹಿಷ್ಕೃತರು ಸಂಬಂಧ ಬೆಳೆಸೋಕೆ, ಮದುವೆಗೆ, ಏನೋ ಲಾಭಕ್ಕೆ ಬಂದ್ರು ಅಂತ ಅಸಡ್ಡೆಯಿಂದ ಬರೀತಾನೆ. ಆಗಿಂದ ಇನ್ನೂರು ವರ್ಷ ಆಯ್ತು. 2022ರ ನಮ್ಮ ರಾಜ್ಯದ ಮತಾಂತರ ಕಾಯ್ದೆ ಏನು ಹೇಳಿತು? ಹೆಂಗಸರನ್ನ, ಪರಿಶಿಷ್ಟರನ್ನ ಅಕ್ರಮವಾಗಿ ಮತಾಂತರಿಸಿದ್ರೆ ಬೇರೆಯವರಿಗಿಂತ ಹೆಚ್ಚು ಶಿಕ್ಷೆ, ಮೂರರಿಂದ ಹತ್ತು ವರ್ಷ. ಅಂದ್ರೆ ಈ ಎರಡು ಗುಂಪಿಗೆ ಸ್ವಂತ ಬುದ್ಧಿ ಕಮ್ಮಿ, ಬೇಗ ಮಾರ್ಕೋತಾರೆ ಅಂತ. 2023ರ ಜೂನ್‌ನಲ್ಲಿ ಸಂಪುಟ ಅದನ್ನ ರದ್ದು ಮಾಡೋ ತೀರ್ಮಾನ ತಗೊಂಡಾಗ ನಾವು ಪಟಾಕಿ ಹೊಡೆದ್ವಿ. ಅದೇ ಮಾತನ್ನ ನಮ್ಮ ಸಭೆಯಲ್ಲಿ ಹುಡುಗ ಹೇಳಿದಾಗ ನಾನು ನಡಾವಳಿ ಬರೆದೆ.

ಚಿಕ್ಕವ್ವ ಹೆಂಗೆ ನಂಬಿಕೆಗೆ ಬಂದ್ರು ಗೊತ್ತಾ? ಚಿಕ್ಕಪ್ಪ ಹೋದ ವರ್ಷ ಆರು ತಿಂಗಳು ಮಲಗಿದಲ್ಲೇ ಇದ್ರು. ರಾತ್ರಿ ಸರದಿ ಮೇಲೆ ಬಂದು ಪಕ್ಕದಲ್ಲಿ ಮಲಗಿದೋರು ಆ ಪ್ರಾರ್ಥನೆ ಹೆಂಗಸರು. ನಾವು ಹಾಸನದಲ್ಲಿ ಧರಣಿ ಕೂತಿದ್ವಿ. ಧರಣಿ ತಪ್ಪಲ್ಲ. ಆದ್ರೆ ಜೊತೆಗೆ ನಿಂತ ಜನದ ದೇವರನ್ನ ನಂಬೋದು ಯಾವ ಲೆಕ್ಕದಲ್ಲಿ ಮಾರ್ಕೊಂಡಂಗೆ? ಮರ್ಯಾದೆ ಹುಡುಕ್ಕೊಂಡು ಹೊರಟಿದ್ದು ತಪ್ಪಾದ್ರೆ 1935ರ ಯೇವಲಾ ಘೋಷಣೆಯೂ ತಪ್ಪಾಗಬೇಕು.

ಚರ್ಚಿನೊಳಗೆ ಜಾತಿ ಇಲ್ವಾ? ಇದೆ. 1938ರ ಜನವರಿ 1ರಂದು ಸೊಲ್ಲಾಪುರದಲ್ಲಿ ಕ್ರೈಸ್ತರ ಮುಂದೆಯೇ ಬಾಬಾಸಾಹೇಬರು ಕೇಳಿದ್ರು: ಓದಿದೋರು ಗುಮಾಸ್ತರು, ಮೇಷ್ಟ್ರುಗಳಾಗಿ ತಮ್ಮ ಪಾಡು ನೋಡ್ಕೊಂಡ್ರಲ್ಲ, ಹಳ್ಳಿಯ ಅಸ್ಪೃಶ್ಯ ಕ್ರೈಸ್ತರಿಗೋಸ್ಕರ ಏನು ಮಾಡಿದ್ರಿ ಅಂತ. ನಾನೂ ಗುಮಾಸ್ತನೇ, ಆ ಏಟು ನನಗೂ ಬಿತ್ತು. ಸರ್ಕಾರಕ್ಕೂ ಆ ಜಾತಿ ಕಾಣಲ್ಲ. 1950ರ ಪರಿಶಿಷ್ಟ ಜಾತಿ ಆದೇಶ 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆಗೀತು, ಕ್ರೈಸ್ತರಿಗೆ ಇವತ್ತಿಗೂ ಮುಚ್ಚಿದೆ. ಧರ್ಮದ ಆ ಷರತ್ತು ತೆಗೀರಿ ಅಂತ 2007ರಲ್ಲೇ ರಂಗನಾಥ ಮಿಶ್ರ ಆಯೋಗ ಹೇಳಿತ್ತು. ಚಿಕ್ಕವ್ವಂಗೆ ಊರವರು ನಲ್ಲಿ ಹತ್ರ ಇವತ್ತಿಗೂ ಹೊಲಗೇರಿಯೋಳು ಅಂತಲೇ ಅಂತಾರೆ. ಅಂಥವರನ್ನ ಜಯಂತಿಯ ಲೆಕ್ಕದಿಂದಲೂ ಹೊರಗಿಟ್ಟೋರು ನಾವು.

ಹೋದ ಭಾನುವಾರ ಚಿಕ್ಕವ್ವ ತಮ್ಮ ತೀರ್ಮಾನ ಹೇಳಿದ್ರು. "ಬಾಬಾಸಾಹೇಬ್ರು ದೇವ್ರಲ್ಲ ಅಂತ ನಂಗೂ ಗೊತ್ತು. ದೇವ್ರಾಗಿದ್ರೆ ನನ್ನ ಕೈಲಿ ಹಾರ ಕಟ್ಟಿಸ್ಕೊತಿದ್ರಾ? ನಾನು ಹಾರ ಕಟ್ತೀನಿ, ಪಾಸ್ಟರು ಏನಂದ್ರೂ ಸರಿ. ಪ್ರಾರ್ಥನೆಗೂ ಹೋಗ್ತೀನಿ, ನೀವು ಏನಂದ್ರೂ ಸರಿ." ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ರು.

ಸಮಿತಿಯವರಿಗೆ ಬಹಿರಂಗವಾಗಿ ಕೇಳ್ತಿದ್ದೀನಿ: ಬರೋ ಸಭೆಯಲ್ಲಿ ಆ ತೀರ್ಮಾನ ಹೊಡೆದು ಹಾಕಬೇಕು. ಬರೆದಿದ್ದು ನಾನು, ಹೊಡೆದು ಹಾಕೋದೂ ನಾನೇ. ನಿಮ್ಮ ಸಹಿ ಬೇಕು. ಚಿಕ್ಕವ್ವನ ನೂರು ರೂಪಾಯಿ ನಡಾವಳಿ ಪುಸ್ತಕದೊಳಗೇ ಇದೆ, ರಸೀದಿ ಇನ್ನೂ ಹರಿದಿಲ್ಲ.

ಜೈ ಭೀಮ್.